ಬೆಳಗಾವಿಗೆ ಒಬ್ಬರೇ ಬಂದಿದ್ದೀರಾ? ಸಭೆಯೊಳಗೆ ಮನೆಮಂದಿ ಸಿಗುವ ದಾರಿ

1996ರ ಜೂನ್ ತಿಂಗಳಲ್ಲಿ ಗುಳೇದಗುಡ್ಡದಿಂದ ಬೆಳಗಾವಿಗೆ ಬಂದಾಗ ನನಗೆ 22 ವರ್ಷ. ಉದ್ಯಮಬಾಗದ ಒಂದು ಮಶಿನ್ ಶಾಪ್‌ನಲ್ಲಿ ಟರ್ನರ್ ಕೆಲಸ, ಅಂದರೆ ಲೇಥ್ ಯಂತ್ರದ ಮೇಲೆ ಲೋಹದ ಭಾಗ ತಿರುವುವ ಕೆಲಸ, ಸಿಕ್ಕಿತ್ತು. ಅಪ್ಪ ಮಗ್ಗದ ಮೇಲೆ ಖಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಿದ್ದವರು, ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಐಟಿಐ ಮುಗಿಸುವ ವರ್ಷ ಅವ್ವನೂ ಹೋದಳು. ಅಕ್ಕ ಮದುವೆಯಾಗಿ ಗದಗಿನಲ್ಲಿದ್ದಳು. ಮೂರನೇ ರೈಲ್ವೆ ಗೇಟಿನ ಹತ್ತಿರ ಒಂದು ತಗಡಿನ ಖೋಲಿ ಹಿಡಿದೆ. ಬೆಳಗಾವಿಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ರಾತ್ರಿಯೆಲ್ಲ ತಗಡಿನ ಮೇಲೆ ಅದರ ಸದ್ದು. ಮಾತಾಡಲು ಯಾರೂ ಇಲ್ಲ.

ಇವತ್ತು ಈ ಊರಿನಲ್ಲಿ ನನ್ನನ್ನು ಕಾಕಾ ಎನ್ನುವ ಮಕ್ಕಳಿದ್ದಾರೆ, ತಮ್ಮಾ ಎನ್ನುವ ಹಿರಿಯರಿದ್ದಾರೆ. ಅವರಲ್ಲಿ ಒಬ್ಬರೂ ನನ್ನ ರಕ್ತಸಂಬಂಧಿಗಳಲ್ಲ, ಎಲ್ಲರೂ ಸಭೆಯಿಂದ, ಅಂದರೆ ಚರ್ಚಿನ ಜನರ ಕೂಟದಿಂದ, ಬಂದವರು. ಆದರೆ ಇದು ತಾನಾಗಿ ಆದದ್ದಲ್ಲ. ಕೆಲವನ್ನು ನಾನು ಮಾಡಿದೆ, ಕೆಲವನ್ನು ಮಾಡದೆ ವರ್ಷಗಳನ್ನು ಕಳೆದುಕೊಂಡೆ. ನರ್ಸಿಂಗ್ ಓದಲು, ಕಾರ್ಖಾನೆ ಕೆಲಸಕ್ಕೆ, ವರ್ಗಾವಣೆಯಾಗಿ, ಮದುವೆಯಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಹೊಸದಾಗಿ ಬರುವ ಕ್ರೈಸ್ತ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಮಾತು

ನಮ್ಮ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆ ಬಂದದ್ದು 1851ರಲ್ಲಿ. ಆಗ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದವರ ಗತಿ ಏನಾಗುತ್ತಿತ್ತು ಎಂದು ತಿಳಿಯಬೇಕಾದರೆ ಅದರ ಹಿಂದಿನ ವರ್ಷದ ಒಂದು ಕಾಯ್ದೆ ನೋಡಿದರೆ ಸಾಕು. ಧರ್ಮ ಬಿಟ್ಟರೂ, ಜಾತಿಯಿಂದ ಹೊರಗೆ ಹಾಕಿದರೂ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗುವುದಿಲ್ಲ ಎಂದು ಕಂಪನಿ ಸರಕಾರ 1850ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕಾಗದದ ಮೇಲಿನ ಹಕ್ಕನ್ನು ಕಾನೂನು ಉಳಿಸಬಹುದು. ಒಲೆಯ ಮುಂದಿನ ಜಾಗ, ಬಾವಿಯ ನೀರು, ಹೆಣ್ಣು ಕೊಟ್ಟು ತರುವ ಬೀಗತನ, ಸತ್ತಾಗ ಹೆಗಲು ಕೊಡುವ ನಾಲ್ಕು ಜನ, ಇವನ್ನು ಯಾವ ಕಾನೂನು ತಂದುಕೊಡುತ್ತದೆ? ಇದೆಲ್ಲ ಅವರಿಗೆ ಸಭೆಯಲ್ಲೇ ಸಿಗಬೇಕಿತ್ತು. ಸಭೆಯವರೇ ಅಣ್ಣತಮ್ಮಂದಿರಾದರು, ಬೀಗರಾದರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸಭೆಯನ್ನು ಕುಟುಂಬ ಎಂದು ಕರೆಯುವುದು ಪಾಸ್ಟರ್ ಮಾಡುವ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಚಂದ ಕೇಳಲಿ ಎಂದು ಅಲ್ಲ. ನಮ್ಮ ಮುತ್ತಜ್ಜಂದಿರು ಅದರ ಮೇಲೆ ಬದುಕಿದ್ದಾರೆ. ಹಾಗಾಗಿ ಅಲ್ಲಿ ಮನೆಮಂದಿಯನ್ನು ಹುಡುಕಲು ನಾಚಿಕೊಳ್ಳಬೇಡಿ.

ಯಾವ ಸಭೆಗೆ ಹೋಗಬೇಕು

ಬೆಳಗಾವಿಯಲ್ಲಿ ಆಯ್ಕೆಗೆ ಕೊರತೆ ಇಲ್ಲ. ಲಂಡನ್ ಮಿಷನ್ನಿನವರು 1820ರಲ್ಲೇ ಇಲ್ಲಿ ಕೆಲಸ ಆರಂಭಿಸಿದರು, 1904ರಲ್ಲಿ ಅದು ಮೆಥೋಡಿಸ್ಟ್ ಎಂಬ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದವರ ಕೈಗೆ ಬಂತು. ಕಥೋಲಿಕರ ಬೆಳಗಾವಿ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತದ ಪ್ರದೇಶ) 1953ರದು. ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಎಲ್ಲ ಭಾಷೆಯ ಆರಾಧನೆಗಳೂ ಈ ಊರಿನಲ್ಲಿ ಸಿಗುತ್ತವೆ. ಬಾಗಲಕೋಟೆ, ವಿಜಯಪುರದ ಕಡೆ ಹೋದವರಿಗೆ ಹೆಚ್ಚಾಗಿ ಕನ್ನಡವೇ.

ನಾನು ಹೇಳುವುದು ಇಷ್ಟೇ. ದೊಡ್ಡ ಕಟ್ಟಡ, ಒಳ್ಳೆಯ ಮೈಕ್ ನೋಡಿ ಹೋಗಬೇಡಿ. ನಿಮಗೆ ಅಳು ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯ ಆರಾಧನೆಗೆ ಹೋಗಿ. ಇಂಗ್ಲಿಷ್ ಆರಾಧನೆಯಲ್ಲಿ ನಾನು ಎರಡು ತಿಂಗಳು ಕೂತಿದ್ದೆ, ಪ್ರಸಂಗ ಅರ್ಥವಾಗುತ್ತಿತ್ತು, ಆದರೆ ಆಮೇಲೆ ಅಂಗಳದಲ್ಲಿ ನಿಂತು ಅವ್ವ ಸತ್ತ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಊರು ಬಿಡುವಾಗ ನಿಮ್ಮ ಸಭಾಪಾಲಕರಿಂದ ಸದಸ್ಯತ್ವದ ಪತ್ರ ಬರೆಸಿಕೊಂಡು ಬನ್ನಿ. ದೀಕ್ಷಾಸ್ನಾನ ಮತ್ತು ದೃಢೀಕರಣ (ಬೆಳೆದ ಮೇಲೆ ನಂಬಿಕೆಯನ್ನು ಗಟ್ಟಿಮಾಡಿಕೊಳ್ಳುವ ವಿಧಿ) ಆದ ತಾರೀಕು ಅದರಲ್ಲಿ ಇರಲಿ. ಕಥೋಲಿಕರಾದರೆ ಜ್ಞಾನಸ್ನಾನದ (ದೀಕ್ಷಾಸ್ನಾನಕ್ಕೆ ಅವರು ಹೇಳುವ ಹೆಸರು) ಪ್ರಮಾಣಪತ್ರ. ಇದನ್ನು ಮೊದಲ ತಿಂಗಳಲ್ಲೇ ಇಲ್ಲಿನ ಪಾಸ್ಟರ್ ಅಥವಾ ಫಾದರ್ ಕೈಗೆ ಕೊಡಿ. ಮುಂದೆ ಮದುವೆಗೆ ಮೊದಲು ಸಭೆಯಲ್ಲಿ ಓದುವ ಪ್ರಕಟಣೆಗೆ ಇದೇ ಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ರಿಜಿಸ್ಟರಿನಲ್ಲಿ ಹೆಸರು ಹತ್ತಿದ ಮೇಲೆ ನಿಮ್ಮ ಖೋಲಿಯ ವಿಳಾಸ ಒಬ್ಬರ ಬಳಿಯಾದರೂ ಇರುತ್ತದೆ. ನಾನು ಆ ಪತ್ರವನ್ನು ಟ್ರಂಕಿನಲ್ಲೇ ಹನ್ನೊಂದು ತಿಂಗಳು ಇಟ್ಟುಕೊಂಡಿದ್ದೆ.

ನಾನು ಕನ್ನಡದಲ್ಲಿ ಮೊದಲು ಹೋದ ಸಭೆಯಲ್ಲಿ ಐದು ರವಿವಾರ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಮನಸ್ಸಿಗೆ ಬಹಳ ನೋವಾಯಿತು. ಈಗ ಯೋಚಿಸಿದರೆ ಅದರಲ್ಲಿ ನನ್ನ ಪಾಲೂ ಇತ್ತು: ಗಂಟೆ ಹೊಡೆದ ಮೇಲೆ ಬಂದು ಕೊನೆಯ ಸಾಲಿನಲ್ಲಿ ಕೂರುವುದು, ಆಶೀರ್ವಾದ ಮುಗಿಯುತ್ತಲೇ ಚಪ್ಪಲಿ ಹಾಕಿಕೊಂಡು ಹೊರಡುವುದು. ನೀವು ಹಾಗೆ ಮಾಡಬೇಡಿ. ಕಾಲು ಗಂಟೆ ಮುಂಚೆ ಹೋಗಿ, ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ನಿಂತು ಹೊರಡಿ. ಎಂಟು ರವಿವಾರ ಹೀಗೆ ಮಾಡಿದ ಮೇಲೂ ಒಬ್ಬರೂ ನಿಮ್ಮ ಹೆಸರು ಕೇಳದಿದ್ದರೆ, ಕೋಪ ಇಟ್ಟುಕೊಳ್ಳದೆ ಬೇರೆ ಸಭೆ ನೋಡಿ. ನಾನೂ ಕೊನೆಗೆ ಬೇರೆ ಸಭೆಗೇ ಹೋದೆ.

ಖಣದ ಹೊದಿಕೆ

ಎರಡನೆಯ ಸಭೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅವ್ವನ ಒಂದು ಖಣ ನನ್ನ ಬಳಿ ಇತ್ತು. ಹೊಲಿಸದೇ ಇಟ್ಟದ್ದು, ಅಂಗಡಿಯವರು ಮಡಚುವಂತೆ ಮೂರು ಮೂಲೆಯಾಗಿ ಮಡಚಿದ್ದು. ಗಾಢ ಕೆಂಪು ಬಣ್ಣ, ಅಂಚಿಗೆ ಹಳದಿ, ಮೈತುಂಬ ಸಣ್ಣ ಸಣ್ಣ ಚಿತ್ತಾರ. ಅಪ್ಪನೇ ನೇಯ್ದದ್ದಿರಬೇಕು. ಅದನ್ನು ಸತ್ಯವೇದಕ್ಕೆ ಹೊದಿಕೆ ಮಾಡಿ ಹೊಲಿದಿದ್ದೆ. ಆ ದಿನ ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೂತಿದ್ದಳು, ಎಲ್ಲರೂ ಆಯಿ ಎಂದು ಕರೆಯುವವಳು. ಆರಾಧನೆ ಮುಗಿದು ಎದ್ದವಳು ಹಿಂದೆ ತಿರುಗಿ, ನನ್ನನ್ನು ನೋಡುವ ಮೊದಲು ಪುಸ್ತಕವನ್ನು ನೋಡಿದಳು.

"ಗುಳೇದಗುಡ್ಡದ ಖಣಾ ಅಲ್ಲೇನು ಇದು?"

"ಹೌದ್ರೀ."

"ಯಾರದು?"

"ನಮ್ಮ ಅವ್ವಂದ್ರೀ."

"ಅವ್ವ ಎಲ್ಲಿ ಅದಾಳ?"

"ತೀರ್ಕೊಂಡಾಳ್ರೀ."

ಆಯಿ ಏನೂ ಹೇಳಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಸವರಿ, ನೂಲಿನ ಬಿಗಿ ನೋಡಿದಳು. ಅವಳ ತವರು ಬೆಟಗೇರಿ, ಮಗ್ಗದ ಮನೆ ಎಂದು ನನಗೆ ಆಮೇಲೆ ಗೊತ್ತಾಯಿತು. "ಇವತ್ತ ಊಟಕ್ಕ ಎಲ್ಲಿ?" ಎಂದಳು. ಖಾನಾವಳಿ ಎಂದೆ. "ಖಾನಾವಳಿ ದಿನಾ ಇದ್ದದ್ದ. ನಡಿ."

ಅವಳ ಮನೆಯಲ್ಲಿ ಕಟ್ಟಿಗೆ ಒಲೆ ಇನ್ನೂ ಇತ್ತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ರೊಟ್ಟಿ ಬಡಿಯುತ್ತಲೇ ಕೇಳಿದಳು, ನಾನು ಉತ್ತರ ಕೊಟ್ಟೆ. ಅವ್ವನಿಗೆ ಏನಾಗಿತ್ತು, ಯಾರು ಮಣ್ಣು ಮಾಡಿದರು, ಅಕ್ಕ ಪತ್ರ ಬರೆಯುತ್ತಾಳೋ ಇಲ್ಲವೋ. ಅವ್ವ ಹೋದ ಮೇಲೆ ಇವನ್ನು ನನ್ನನ್ನು ಕೇಳಿದವರು ಅವಳೊಬ್ಬಳೇ. ಐದನೆಯ ರೊಟ್ಟಿ ಹಾಕುವಾಗ ಬೇಡ ಎಂದರೂ ಹಾಕಿದಳು.

ಆದ್ದರಿಂದ ನನ್ನ ಸಲಹೆ: ನೀವು ಯಾರು, ಎಲ್ಲಿಯವರು ಎಂದು ತೋರುವಂಥದ್ದು ಏನಾದರೂ ನಿಮ್ಮ ಮೈಮೇಲೆ, ಕೈಯಲ್ಲಿ ಇರಲಿ. ಊರಿನ ಮಾತನ್ನು ಮುಚ್ಚಬೇಡಿ. ವಿಜಯಪುರದ ಕಡೆಯ ಇಂಡಿ ಊರಿನವರು ಇಂಡಿಯ ಕನ್ನಡದಲ್ಲೇ ಮಾತಾಡಿ. ಊಟಕ್ಕೆ ಕರೆದರೆ "ಬೇಡ್ರೀ, ತೊಂದರೆ ಯಾಕ" ಎನ್ನಬೇಡಿ. ನಮ್ಮ ಕಡೆ ಕರೆಯುವವರು ಎರಡು ಸಲ ಕರೆಯುತ್ತಾರೆ, ಮೂರನೆಯ ಸಲ ಸುಮ್ಮನಾಗುತ್ತಾರೆ.

ಇನ್ನೊಂದು, ಡಬ್ಬಿಯ ವಿಷಯ. ಊಟ ಮುಗಿದ ಮೇಲೆ ಆಯಿ ರಾತ್ರಿಗೆಂದು ಒಂದು ಡಬ್ಬಿ ಕಟ್ಟಿಕೊಟ್ಟಳು. ಡಬ್ಬಿಯನ್ನು ಖಾಲಿ ಹೊಳ್ಳಿ ಕೊಡಬಾರದು ಎಂಬುದು ನಿಮಗೆ ಮನೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಅಡುಗೆ ಬಾರದ ಹುಡುಗರು ಏನು ಹಾಕಿಕೊಡಬೇಕು? ಒಂದು ಹಿಡಿ ಸಕ್ಕರೆ ಸಾಕು. ನಾನು ಪಗಾರದ ವಾರ ಬೆಳಗಾವಿಯ ಸಿಹಿ ಕುಂದಾ, ಉಳಿದ ವಾರ ಚುರುಮುರಿ ಹಾಕಿಕೊಡುತ್ತಿದ್ದೆ. ಊರಿಗೆ ಹೋಗಿ ಬಂದಾಗ ಅಮೀನಗಡದ ಕರದಂಟು. ಡಬ್ಬಿ ಕೊಡಲು ಹೋದಾಗ ಮತ್ತೆ ಒಳಗೆ ಕರೆಯುತ್ತಾರೆ, ಮತ್ತೆ ಡಬ್ಬಿ ತುಂಬುತ್ತದೆ. ರವಿವಾರದಿಂದ ರವಿವಾರಕ್ಕೆ ಬರುವವನು ವಾರದ ನಡುವೆಯೂ ಬರುವವನಾಗುತ್ತಾನೆ.

ಒಂದು ಕೆಲಸ ಕೈಗೆ ತೆಗೆದುಕೊಳ್ಳಿ

ಊಟ ಮಾಡಿಸಿಕೊಳ್ಳುವವನು ಅತಿಥಿ. ಮನೆಯವನಾಗಬೇಕಾದರೆ ಮನೆಯ ಕೆಲಸ ಮಾಡಬೇಕು. ಹಾಡು ಬರುವವರು ಹಾಡುಗಾರರ ಗುಂಪಿಗೆ ಸೇರಿ, ಓದು ಬರೆಹ ಚೆನ್ನಾಗಿ ಬರುವವರು ಸಂಡೇ ಸ್ಕೂಲಿಗೆ. ಏನೂ ಬಾರದು ಎನಿಸಿದರೆ ಜಮಖಾನೆ ಸುತ್ತುವ, ಕುರ್ಚಿ ಎತ್ತಿಡುವ ಕೆಲಸ ಇದ್ದೇ ಇದೆ, ಅದನ್ನು ಮಾಡಲು ಯಾರ ಅಪ್ಪಣೆಯೂ ಬೇಡ.

ನಮ್ಮ ಸಭೆಯ ಗಂಟೆ ಹೊಡೆದಾಗಲೆಲ್ಲ ಕಿರ್ರೆನ್ನುತ್ತಿತ್ತು. ಎಲ್ಲರಿಗೂ ಅದು ರೂಢಿಯಾಗಿ ಹೋಗಿತ್ತು. ನಾನು ಮೇಲೆ ಹತ್ತಿ ನೋಡಿದೆ, ಗಂಟೆ ತೂಗುವ ಶಾಫ್ಟಿನ ಬುಶ್, ಅಂದರೆ ಶಾಫ್ಟ್ ತಿರುಗುವ ಲೋಹದ ಬಳೆ, ಒಂದು ಕಡೆ ಪೂರ್ತಿ ಸವೆದಿತ್ತು. ಅಳತೆ ತೆಗೆದುಕೊಂಡು ಬಂದೆ. ಮಾಲೀಕರನ್ನು ಕೇಳಿ, ಪಾಳಿ ಮುಗಿದ ಮೇಲೆ ಲೇಥಿನ ಮೇಲೆ ಗನ್‌ಮೆಟಲ್ಲಿನ ಎರಡು ಹೊಸ ಬುಶ್ ತಿರುವಿ, ಗ್ರೀಸ್ ಹೋಗಲು ನಡುವೆ ತೋಡು ಕೊರೆದು, ಶನಿವಾರ ಕೂರಿಸಿದೆ. ರವಿವಾರ ಗಂಟೆ ಹೊಡೆದಾಗ ಜನ ತಲೆಯೆತ್ತಿ ನೋಡಿದರು. ಅವತ್ತಿನಿಂದ ನನಗೆ ಹೆಸರು ಬಂತು, ಗಂಟಿ ತಮ್ಮ. ಅಲ್ಲಿಯವರೆಗೆ ನಾನು ಆಯಿಯ ಮನೆಗೆ ಬರುವ ಹುಡುಗ ಮಾತ್ರ ಆಗಿದ್ದೆ.

ನಿಮ್ಮ ಕೈಯಲ್ಲೂ ಒಂದು ಕಸುಬು ಇರುತ್ತದೆ. ನರ್ಸಿಂಗ್ ಓದುವ ತಂಗಿಯರು ಆರಾಧನೆ ಮುಗಿದ ಮೇಲೆ ಹಿರಿಯರ ಬಿಪಿ ನೋಡಬಹುದು. ವಯಸ್ಸಾದವರಿಗೆ ಪಿಂಚಣಿ, ಬ್ಯಾಂಕಿನ ಕಾಗದ ತುಂಬಿಕೊಡುವವರು ಯಾವಾಗಲೂ ಬೇಕು.

ಮನೆ ಪ್ರಾರ್ಥನೆ

ಸಭೆಯೊಳಗಿನ ಕುಟುಂಬ ನಿಜವಾಗಿ ಹುಟ್ಟುವುದು ಗುಡಿಯಲ್ಲಿ ಅಲ್ಲ, ಯಾರದೋ ಪಡಸಾಲೆಯಲ್ಲಿ. ವಾರದ ನಡುವಿನ ಮನೆ ಪ್ರಾರ್ಥನೆಗೆ ತಪ್ಪದೆ ಹೋಗಿ. ಒಂದು ಗೀತೆ, ಒಂದು ಅಧ್ಯಾಯ ಓದು, ಒಬ್ಬೊಬ್ಬರ ಬಿನ್ನಹ, ಪ್ರಾರ್ಥನೆ, ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ, ಆಮೇಲೆ ಚಹಾ. ಕಥೋಲಿಕರಲ್ಲಿ ಮನೆಯಿಂದ ಮನೆಗೆ ಹೋಗುವ ಜಪಸರ ಪ್ರಾರ್ಥನೆ ಮತ್ತು ಕಿರು ಕ್ರೈಸ್ತ ಸಮುದಾಯದ ಕೂಟಗಳಿವೆ, ಅವೂ ಇದೇ ಕೆಲಸ ಮಾಡುತ್ತವೆ.

ನಿಮ್ಮ ಬಿನ್ನಹ ಹೇಳುವ ಸರದಿ ಬಂದಾಗ "ಎಲ್ಲಾರ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದು ಜಾರಿಕೊಳ್ಳಬೇಡಿ. ಒಂದೇ ಒಂದು ಸಂಗತಿಯನ್ನು ಇದ್ದ ಹಾಗೆ ಹೇಳಿ. ಪಗಾರ ಎರಡು ತಿಂಗಳಿಂದ ಬಂದಿಲ್ಲ, ರಾತ್ರಿ ನಿದ್ದೆ ಇಲ್ಲ, ತಮ್ಮ ಕುಡಿಯಲು ಹತ್ತಿದ್ದಾನೆ. ಹೀಗೆ ಹೇಳಲು ಧೈರ್ಯ ಬೇಕು, ಗೊತ್ತು. ಇದನ್ನು ನಾನು ಕಲಿತದ್ದು ಕಾಮಣಿ ಆದಾಗ. 1998ರಲ್ಲಿ, ಬೇಸಿಗೆಯಲ್ಲಿ. ಕಣ್ಣು ಹಳದಿ, ಮೂತ್ರ ಹಳದಿ, ಏಳಲು ತ್ರಾಣ ಇಲ್ಲ. ಒಂಬತ್ತು ದಿನ ಖೋಲಿಯಲ್ಲೇ ಬಿದ್ದಿದ್ದೆ, ಯಾರಿಗೂ ಹೇಳಿ ಕಳಿಸಲಿಲ್ಲ. ಬೇರೆಯವರಿಗೆ ಭಾರ ಆಗಬಾರದು ಎಂಬ ಯೋಚನೆ. ಎರಡನೆಯ ರವಿವಾರವೂ ನಾನು ಕಾಣದಿದ್ದಾಗ ಆಯಿ ಪಾಸ್ಟರ್ ಅವರನ್ನು ಕರೆದುಕೊಂಡು ಹುಡುಕುತ್ತ ಬಂದಳು. ರಿಜಿಸ್ಟರಿನಲ್ಲಿ ವಿಳಾಸ ಇತ್ತಲ್ಲ. ಬಾಗಿಲಲ್ಲಿ ನಿಂತು ನನ್ನ ಕಣ್ಣು ನೋಡಿ, "ಯಾಕೋ ಯಪ್ಪಾ, ನಾವೇನ ಸತ್ತೇವೇನು?" ಎಂದು ಜೋರಾಗಿ ಅತ್ತಳು. ಅದೇ ದಿನ ಆಸ್ಪತ್ರೆಗೆ ಸೇರಿಸಿದರು. ಹದಿನಾಲ್ಕು ದಿನ ಸಭೆಯವರು ಪಾಳಿ ಹಾಕಿಕೊಂಡು ನನ್ನ ಮಂಚದ ಪಕ್ಕ ಮಲಗಿದರು. ಒಬ್ಬರ ಭಾರ ಒಬ್ಬರು ಹೊರಬೇಕು ಎಂದು ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದಿದ್ದಾನೆ. ಹೊರುವುದಕ್ಕೆ ನಾನು ಯಾವಾಗಲೂ ಸಿದ್ಧನಿದ್ದೆ. ನನ್ನದನ್ನು ಬೇರೆಯವರ ಹೆಗಲಿಗೆ ಕೊಡಲು ಮಾತ್ರ ಬರುತ್ತಿರಲಿಲ್ಲ.

ಕೆಲವು ವ್ಯವಹಾರದ ಮಾತು. ಬಾಡಿಗೆ ಮನೆಯಲ್ಲಿ ಪ್ರಾರ್ಥನೆ ಇಡುವುದಾದರೆ ಮಾಲೀಕರನ್ನು ಮೊದಲೇ ಕೇಳಿ. ಅಕ್ಕಪಕ್ಕದವರಿಗೂ ಹೇಳಿ, ಹಾಡಿನ ಸದ್ದು ಒಂಬತ್ತರೊಳಗೆ ಮುಗಿಯಲಿ, ಕ್ರಿಸ್ಮಸ್ಸಿಗೆ ಕರ್ಚಿಕಾಯಿ, ಚಕ್ಕುಲಿ ಅವರ ಮನೆಗೂ ಹೋಗಲಿ. ನನ್ನ ಪಕ್ಕದ ಮನೆಯ ಲಿಂಗಾಯತ ಅಕ್ಕೋರು ಎಳ್ಳಮವಾಸ್ಯೆಗೆ ಕಡಬು, ಸಜ್ಜಿ ರೊಟ್ಟಿ ಕಳಿಸದ ವರ್ಷವಿಲ್ಲ. ಪ್ರಾರ್ಥನೆಯಲ್ಲಿ ಕೇಳಿದ ಮಾತು ಆ ಪಡಸಾಲೆ ದಾಟಿ ಹೋಗಬಾರದು. ಒಬ್ಬ ಹುಡುಗಿಯ ಮದುವೆ ಮಾತು ಹೀಗೆ ಬಾಯಿಂದ ಬಾಯಿಗೆ ಹೋಗಿ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಮತ್ತೆ ಸಭೆಗೆ ಬರಲಿಲ್ಲ. ಇದಕ್ಕಿಂತ ದೊಡ್ಡ ಪಾಪ ಸಭೆಯೊಳಗೆ ನಾನು ನೋಡಿಲ್ಲ.

ಮಣ್ಣಿಗೆ ಹೋಗಿ

ಮದುವೆಗೆ ಕರೆದರೆ ಹೋದರಾಯಿತು. ಮಣ್ಣಿಗೆ ಮಾತ್ರ ಯಾರೂ ಕರೆಯದಿದ್ದರೂ, ಸತ್ತವರ ಗುರುತು ನಿಮಗೆ ಇಲ್ಲದಿದ್ದರೂ ಹೋಗಿ. ಅರ್ಧ ದಿನದ ಪಗಾರ ಹೋದರೆ ಹೋಗಲಿ. ಮನೆಯ ಮುಂದೆ ಕುರ್ಚಿ ಹಾಕಿ, ನೀರು ತಂದಿಡಿ. ಪೆಟ್ಟಿಗೆ ಎತ್ತುವಾಗ ಒಂದು ಮೂಲೆ ಹಿಡಿಯಿರಿ. ಗುಂಡಿಗೆ ಇಳಿಸುವಾಗ ಹಗ್ಗವನ್ನು ನಾಲ್ಕೂ ಕಡೆ ಒಂದೇ ಸಮ ಬಿಡಬೇಕು, ಹಿರಿಯರ ಕಣ್ಣು ನೋಡುತ್ತ ಬಿಡಿ. ಎಲ್ಲರೂ ಹಿಡಿ ಮಣ್ಣು ಹಾಕಿ ಹೊರಟ ಮೇಲೆ ಸಲಿಕೆ ಹಿಡಿದು ಮುಚ್ಚುವವರ ಜೊತೆ ಕೊನೆಯವರೆಗೆ ನಿಲ್ಲಿ. ದುಃಖದ ಮನೆಯವರು ಯಾರು ಬಂದರು ಎಂಬುದನ್ನು ಮರೆತಾರು, ಯಾರು ಕೊನೆಗೆ ಉಳಿದರು ಎಂಬುದನ್ನು ಮರೆಯುವುದಿಲ್ಲ.

ಆಯಿ 2011ರಲ್ಲಿ ತೀರಿಕೊಂಡಳು. ಅವಳಿಗೆ ಮಕ್ಕಳಿರಲಿಲ್ಲ. ಮೊದಲ ಹಿಡಿ ಮಣ್ಣು ಯಾರು ಹಾಕಬೇಕು ಎಂದು ಪಾಸ್ಟರ್ ಸುತ್ತಲೂ ನೋಡಿದರು. ಜನ ತಾವಾಗಿಯೇ ಸರಿದು ನನಗೆ ದಾರಿ ಬಿಟ್ಟರು. ಪೌಲ ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯ ಬಹುಪಾಲು ವಂದನೆಗಳ ಪಟ್ಟಿ, ಓದುವಾಗ ಎಲ್ಲರೂ ಹಾರಿಸಿಬಿಡುತ್ತಾರೆ. ಅದರಲ್ಲಿ ರೂಫನ ತಾಯಿಗೆ ವಂದನೆ ಹೇಳುತ್ತ, ಅವಳು ನನಗೂ ತಾಯಿ ಎಂದು ಒಂದು ಮಾತು ಸೇರಿಸಿದ್ದಾನೆ. ಆ ತಾಯಿಯ ಹೆಸರು ಸಹ ಇಲ್ಲ. ಎಲ್ಲಿ, ಯಾವಾಗ ಅವನಿಗೆ ಊಟಕ್ಕೆ ಹಾಕಿದಳೋ. ಶಿಲುಬೆಯ ಮೇಲಿಂದ ಯೇಸುಸ್ವಾಮಿ ತನ್ನ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದಾಗ ಆ ಶಿಷ್ಯ ಅವಳನ್ನು ಮನೆಗೆ ಕರೆದುಕೊಂಡು ಹೋದ ಎಂದು ಯೋಹಾನ ಬರೆದಿದ್ದಾನೆ. ಈ ಎರಡು ಕಡೆ ಬಂದಾಗ ನಾನು ಈಗಲೂ ಮುಂದಕ್ಕೆ ಓದಲಾರೆ, ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ.

ಎಚ್ಚರ ಇರಬೇಕಾದ ಕಡೆ

ಒಂಟಿಯಾಗಿರುವವರನ್ನು ಪ್ರೀತಿಯ ಹೆಸರಿನಲ್ಲಿ ಬಳಸಿಕೊಳ್ಳುವವರೂ ಇದ್ದಾರೆ. ಹೆತ್ತವರನ್ನು, ಒಡಹುಟ್ಟಿದವರನ್ನು ಬಿಟ್ಟುಬಿಡು ಎನ್ನುವ ಕೂಟದಿಂದ ಎದ್ದು ಬನ್ನಿ. ಕಾಣಿಕೆ ಎಷ್ಟು ಕೊಡುತ್ತೀರಿ ಎಂಬುದರ ಮೇಲೆ ಪ್ರೀತಿ ಅಳೆಯುವ ಕಡೆ, ಲೆಕ್ಕಪತ್ರ ಕೇಳಿದರೆ ಸಿಟ್ಟಾಗುವ ಕಡೆ ನಿಲ್ಲಬೇಡಿ. ಹೆಣ್ಣುಮಕ್ಕಳೇ, ಪ್ರಾರ್ಥನೆಗೆಂದು ಒಬ್ಬರನ್ನೇ ಬಾಗಿಲು ಹಾಕಿದ ಕೋಣೆಗೆ ಕರೆದರೆ, ಕರೆದವರು ಎಂಥ ದೊಡ್ಡ ಸ್ಥಾನದವರಾಗಲಿ, ಹೋಗಬೇಡಿ. ಸ್ತ್ರೀ ಸಂಘದ ಹಿರಿಯ ಅಕ್ಕ ಒಬ್ಬರಿಗೆ ಅದೇ ದಿನ ಹೇಳಿ. ಸಭೆಯವರ ನಡುವೆ ಸಾಲ ಕೊಡುವುದು, ಚೀಟಿ ಹಾಕುವುದು ಬೇಡ. ಕೊಡುವುದಾದರೆ ಹೊಳ್ಳಿ ಬರಲಿಲ್ಲವೆಂದರೂ ನಡೆಯುತ್ತದೆ ಎನ್ನುವಷ್ಟೇ ಕೊಡಿ.

ಜಗಳವೂ ಆಗುತ್ತದೆ. ಒಂದು ವರ್ಷ ಕಮಿಟಿ ಚುನಾವಣೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ನಾನು ಮೂರು ತಿಂಗಳು ಸಭೆಗೆ ಹೋಗಲಿಲ್ಲ. ಯಾರ ಜೊತೆ ಜಗಳವಾಡಿದ್ದೆನೋ ಅದೇ ಅಣ್ಣಾರು ಒಂದು ಸಂಜೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಚುನಾವಣೆಯ ಸುದ್ದಿ ಎತ್ತಲಿಲ್ಲ. ಚಹಾ ಕುಡಿದು, "ಗಂಟಿಗೆ ಗ್ರೀಸ್ ಹಾಕೂದು ಬಂದೈತಿ" ಎಂದು ಹೇಳಿ ಹೋದರು. ನಾನು ಶನಿವಾರ ಹೋಗಿ ಹಾಕಿ ಬಂದೆ.

ಈಗಾಗಲೇ ಮನೆ ಇದ್ದವರಿಗೆ

ಹೊಸಬರನ್ನು ಮನೆಮಂದಿ ಮಾಡಿಕೊಳ್ಳುವುದು ಹೊಸಬರಿಗಿಂತ ಹಳಬರ ಮೇಲಿರುವ ಹೊಣೆ. ಆರಾಧನೆ ಮುಗಿದ ಕೂಡಲೇ ನಿಮ್ಮ ನಿಮ್ಮ ಬೀಗರನ್ನು ಮಾತಾಡಿಸುವ ಮೊದಲು, ಬಾಗಿಲ ಹತ್ತಿರ ಒಬ್ಬರೇ ನಿಂತವರನ್ನು ಮಾತಾಡಿಸಿ. ಮದುವೆ ಆಗಿದೆಯೋ, ಪಗಾರ ಎಷ್ಟು ಎಂದು ಕೇಳಬೇಡಿ. ಊರು ಯಾವುದು, ಊಟಕ್ಕೆ ಎಲ್ಲಿ, ಈ ಎರಡು ಸಾಕು. ಕರೆದು ಊಟಕ್ಕೆ ಹಾಕುವಾಗ ವಿಶೇಷ ಅಡುಗೆ ಮಾಡಬೇಡಿ. ವಿಶೇಷ ಮಾಡಿದರೆ ಎರಡನೆಯ ಸಲ ಕರೆಯಲು ನಿಮಗೇ ಬೇಸರ ಬರುತ್ತದೆ.

ನಮ್ಮ ಮನೆಯಲ್ಲಿ ಈಗ ಗುರುವಾರ ಸಂಜೆ ಏಳೂವರೆಗೆ ಪ್ರಾರ್ಥನೆ. ನನ್ನ ಹೆಂಡತಿ, ಮಗಳು, ಇಬ್ಬರು ನರ್ಸಿಂಗ್ ಹುಡುಗಿಯರು, ಮುಧೋಳದ ಕಡೆಯ ಒಬ್ಬ ಶಿಕ್ಷಕರು, ಫೌಂಡ್ರಿಯಲ್ಲಿ ಕೆಲಸ ಮಾಡುವ ಇಂಡಿಯ ಒಬ್ಬ ಹುಡುಗ. ಅವನಿಗೆ ರಾತ್ರಿ ಪಾಳಿ ಇದ್ದ ವಾರ ನಾವು ಆರಕ್ಕೇ ಶುರು ಮಾಡುತ್ತೇವೆ, ಊಟ ಮಾಡಿಯೇ ಹೋಗಲಿ ಎಂದು.